ಝೀರೋ ಟರ್ನ್ ಹುಲ್ಲು ಕತ್ತರಿಸುವ ಗಾಡಿ: ಓಡಿಸುವವರ ಸೊಂಟ ಹಿಡಿದುಕೊಳ್ಳುತ್ತಿದೆ, ಸೀಟು ಬದಲಾಯಿಸಿದರೆ ಸಾಕಾ?

ಶಾಲೆ ಮೈದಾನ (ಕನಕಪುರ ರಸ್ತೆ)

ಎಲ್ಲರಿಗೂ ನಮಸ್ಕಾರ. ಕನಕಪುರ ರಸ್ತೆ ಕಡೆ ಒಂದು ಶಾಲೆಯ ಮೈದಾನ ನೋಡಿಕೊಳ್ಳುತ್ತೇನೆ, ಹೆಚ್ಚುಕಮ್ಮಿ 4 ಎಕರೆ ಹುಲ್ಲು. ಹೋದ ವರ್ಷ ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಝೀರೋ ಟರ್ನ್ ಗಾಡಿ ತಂದೆವು (ಸ್ಟೀರಿಂಗ್ ಬದಲು ಎರಡು ಲಿವರ್‌ನಲ್ಲಿ ಓಡಿಸುವ, ನಿಂತಲ್ಲೇ ತಿರುಗುವ ಗಾಡಿ), 48 ಇಂಚಿನ ಡೆಕ್ (ಬ್ಲೇಡ್‌ಗಳಿರುವ ಕೆಳಗಿನ ತಗಡಿನ ಪೆಟ್ಟಿಗೆ), ಮೂರು ಬ್ಲೇಡ್. ಮೊದಲು ಎರಡು ದಿನ ಹಿಡಿಯುತ್ತಿದ್ದ ಕೆಲಸ ಈಗ ಮೂರು ಗಂಟೆಯಲ್ಲಿ ಮುಗಿಯುತ್ತದೆ.

ಆದರೆ ಓಡಿಸುವವರ ಪಾಡು ನೋಡೋಕಾಗುತ್ತಿಲ್ಲ. ನಮ್ಮ ಮಾಲಿ ಅಣ್ಣನಿಗೆ 54 ವರ್ಷ. ಅವರಾಗಿ ಏನೂ ಹೇಳಲಿಲ್ಲ. ಗಾಡಿಯಿಂದ ಇಳಿದ ಮೇಲೆ ಸೊಂಟ ಹಿಡಿದುಕೊಂಡು ಎರಡು ನಿಮಿಷ ಹಾಗೇ ನಿಂತಿರುವುದನ್ನು ನಾನೇ ನೋಡಿದೆ. ಕೇಳಿದರೆ "ಕೈ ಕೂಡ ಜೋಮು ಹಿಡಿಯುತ್ತೆ ಸಾರ್" ಅಂದರು. ಆಮೇಲೆ ನಾನೇ ಹತ್ತಿ 20 ನಿಮಿಷ ಓಡಿಸಿದೆ. ಪ್ರತಿ ಗುಂಡಿಯೂ ನೇರವಾಗಿ ಬೆನ್ನುಮೂಳೆಗೆ ಬಡಿಯುತ್ತದೆ. ಸೀಟಿನ ಮೇಲೆ ದಿಂಬು ಹಾಕಿ ನೋಡಿದೆವು, ಅದು ಜಾರುತ್ತದೆ. ಕೆಳಗೆ ಸ್ಪ್ರಿಂಗ್ ಇರುವ ಹೊಸ ಸಸ್ಪೆನ್ಷನ್ ಸೀಟಿಗೆ ದುಡ್ಡು ಕೇಳೋಣ ಅಂತಿದ್ದೇನೆ. ಅದೊಂದೇ ಸಾಕಾಗುತ್ತದಾ?

ಪೀಣ್ಯ ವರ್ಕ್‌ಶಾಪ್

ಸರ್, ಸೀಟಿಗೆ ದುಡ್ಡು ಹಾಕುವ ಮೊದಲು ಒಂದು ವಿಷಯ ಹೇಳಿ. ಟೈರಿನಲ್ಲಿ ಗಾಳಿ ಎಷ್ಟಿದೆ?

ಈ ಗಾಡಿಗಳಲ್ಲಿ ಸಾಮಾನ್ಯವಾಗಿ ಸ್ಪ್ರಿಂಗೂ ಇಲ್ಲ, ಶಾಕ್ ಅಬ್ಸಾರ್ಬರೂ ಇಲ್ಲ. ಫ್ರೇಮಿಗೆ ನೇರವಾಗಿ ಚಕ್ರ ಕೂರಿಸಿರುತ್ತಾರೆ. ನೆಲಕ್ಕೂ ಸೀಟಿಗೂ ನಡುವೆ ಮೆತ್ತಗಿರುವುದು ಅಂದರೆ ಆ ಟೈರು ಮಾತ್ರ. ಅದು ಕಲ್ಲಿನ ಹಾಗಿದ್ದರೆ ಎಂಥ ಸೀಟು ಹಾಕಿದರೂ ಅರ್ಧ ಕೆಲಸವೇ.

ಇನ್ನೊಂದು ಪರೀಕ್ಷೆ ಮಾಡಿ. ಗಾಡಿ ನಿಲ್ಲಿಸಿ, ಬ್ರೇಕ್ ಹಾಕಿ, ಬ್ಲೇಡ್ ಆಫ್ ಇಟ್ಟುಕೊಂಡು ಎಂಜಿನ್ ಪೂರ್ತಿ ಏರಿಸಿ. ಆಗ ಕೈ ಜುಮ್ಮೆನ್ನುತ್ತದಾ? ಆಮೇಲೆ ಹತ್ತಿರ ಯಾರೂ ಇಲ್ಲ ಅಂತ ನೋಡಿಕೊಂಡು ಬ್ಲೇಡ್ ಆನ್ ಮಾಡಿ. ಆಗ ಜಾಸ್ತಿ ಆಗುತ್ತದಾ? ಬಡಿತ ನೆಲದಿಂದ ಬರುತ್ತದೆ, ಜುಮ್ಮೆನ್ನುವುದು ಯಂತ್ರದಿಂದ ಬರುತ್ತದೆ. ಇವೆರಡೂ ಬೇರೆ ಬೇರೆ ರೋಗ.

ಶಾಲೆ ಮೈದಾನ (ಕನಕಪುರ ರಸ್ತೆ)

ಈಗಷ್ಟೇ ನೋಡಿ ಬಂದೆ. ಹಿಂದಿನ ಟೈರು ಒಂದರಲ್ಲಿ 32 ಪಿಎಸ್‌ಐ, ಇನ್ನೊಂದರಲ್ಲಿ 28! ಎರಡು ತಿಂಗಳ ಹಿಂದೆ ಪಂಕ್ಚರ್ ಹಾಕಿಸಿದಾಗ ಅಂಗಡಿಯವರು ಕಾರಿಗೆ ಹೊಡೆದ ಹಾಗೆ ಹೊಡೆದಿದ್ದಾರೆ. ನಾವೂ ಎಷ್ಟು ಅಂತ ಹೇಳಿರಲಿಲ್ಲ.

ಬ್ಲೇಡ್ ಆಫ್ ಇದ್ದಾಗ ಕೈಗೆ ಅಷ್ಟೇನೂ ಗೊತ್ತಾಗುವುದಿಲ್ಲ. ಆನ್ ಮಾಡಿದ ತಕ್ಷಣ ಲಿವರ್‌ಗಳು ನಡುಗುತ್ತವೆ, ಕಾಲಿಡುವ ಜಾಗವೂ ನಡುಗುತ್ತದೆ.

ಪೀಣ್ಯ ವರ್ಕ್‌ಶಾಪ್

ಹಾಗಾದರೆ ಎರಡೂ ಇದೆ.

ಮೊದಲು ಗಾಳಿ. ಇಂಥ ಗಾಡಿಗಳ ಹಿಂದಿನ ಟೈರಿಗೆ ಸಾಮಾನ್ಯವಾಗಿ 10ರಿಂದ 15 ಪಿಎಸ್‌ಐ ಸಾಕು. ನಿಮ್ಮ ಮ್ಯಾನ್ಯುಯಲ್‌ನಲ್ಲಿ ಎಷ್ಟು ಬರೆದಿದೆಯೋ ಅದೇ ಕೊನೆಯ ಮಾತು. ಮುಂದಿನ ಪುಟ್ಟ ಚಕ್ರಗಳಿಗೆ ಬೇರೆ ಲೆಕ್ಕ ಇರುತ್ತದೆ, ಅದನ್ನೂ ಅಲ್ಲೇ ನೋಡಿ. ಬೆಳಿಗ್ಗೆ ಟೈರು ತಣ್ಣಗಿದ್ದಾಗ ಅಳೆಯಿರಿ. ಕಡಿಮೆ ಗಾಳಿ ಸರಿಯಾಗಿ ತೋರಿಸುವ ಗೇಜ್ ಬೇಕು, ಲಾರಿ ಟೈರಿನ ಗೇಜಿನಲ್ಲಿ 12ಕ್ಕೂ 16ಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ. ಮೆತ್ತಗಿರಲಿ ಅಂತ ಮ್ಯಾನ್ಯುಯಲ್ ಹೇಳಿದ್ದಕ್ಕಿಂತ ಕಡಿಮೆ ಮಾತ್ರ ಮಾಡಬೇಡಿ, ಇಳಿಜಾರಿನಲ್ಲಿ ತಿರುಗಿಸುವಾಗ ಟೈರು ರಿಮ್ಮಿನಿಂದ ಕಳಚಿಕೊಳ್ಳಬಹುದು. ಎಡಕ್ಕೂ ಬಲಕ್ಕೂ ಸಮ ಇರಲಿ. ಗಾಳಿ ಸರಿ ಮಾಡಿದ ಮೇಲೆ ಡೆಕ್ ಮಟ್ಟವನ್ನು ಮತ್ತೆ ಹೊಂದಿಸಿ, ಯಾಕೆಂದರೆ ಗಾಳಿ ಇಳಿದರೆ ಡೆಕ್ಕೂ ಇಳಿಯುತ್ತದೆ.

ಇನ್ನು ಬ್ಲೇಡು. ಕೀ ತೆಗೆದು, ಸ್ಪಾರ್ಕ್ ಪ್ಲಗ್ ವೈರ್ ಬಿಚ್ಚಿಟ್ಟು ಆಮೇಲೆ ಕೈ ಹಾಕಿ. ಬ್ಲೇಡ್ ಬಿಚ್ಚುವ ಮೊದಲು ಅದರ ತುದಿ ಸಮತಟ್ಟಾದ ನೆಲದಿಂದ ಎಷ್ಟು ಎತ್ತರದಲ್ಲಿದೆ ಅಳೆಯಿರಿ, ಅರ್ಧ ಸುತ್ತು ತಿರುಗಿಸಿ ಇನ್ನೊಂದು ತುದಿಯನ್ನು ಅದೇ ಜಾಗದಲ್ಲಿ ಅಳೆಯಿರಿ. 3 ಮಿಲಿಮೀಟರ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಬ್ಲೇಡ್ ಬಗ್ಗಿದೆ, ಇಲ್ಲವೇ ಸ್ಪಿಂಡಲ್ (ಬ್ಲೇಡ್ ತಿರುಗಿಸುವ ದಂಡ) ಬಗ್ಗಿದೆ. ಬಗ್ಗಿದ ಬ್ಲೇಡನ್ನು ಸುತ್ತಿಗೆಯಲ್ಲಿ ಬಡಿದು ನೇರ ಮಾಡಿಸಬೇಡಿ ಸರ್, ದಯವಿಟ್ಟು. ಅದು ತುಂಡಾಗಿ ಹಾರಿದರೆ ಗುಂಡಿನ ಹಾಗೆ ಬರುತ್ತದೆ, ನಿಮ್ಮದು ಮಕ್ಕಳಿರುವ ಜಾಗ. ಬ್ಲೇಡ್ ನೇರ ಇದ್ದರೆ ನಡುವಿನ ತೂತನ್ನು ಗೋಡೆಯ ಮೊಳೆಗೆ ಸಿಕ್ಕಿಸಿ. ಒಂದು ಕಡೆ ಕೆಳಗೆ ಇಳಿದರೆ ಆ ಕಡೆ ಭಾರ ಜಾಸ್ತಿ ಇದೆ ಅಂತ ಅರ್ಥ. ಅಲ್ಲಿ ಸ್ವಲ್ಪ ಸ್ವಲ್ಪವೇ ಉಜ್ಜಿ, ಅಡ್ಡಡ್ಡ ನಿಲ್ಲುವ ತನಕ.

ದೇವನಹಳ್ಳಿ ತೋಟ

ಸರ್, ನಮ್ಮ ತೋಟದಲ್ಲೂ ಇದೇ ಗೋಳು ಇತ್ತು. ಲಿವರ್ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ.

ಗಾಡಿ ಗುಂಡಿಗೆ ಬಿದ್ದಾಗ ಮೈ ಅಲ್ಲಾಡುತ್ತದೆ, ಮೈ ಜೊತೆ ಕೈಯೂ ಅಲ್ಲಾಡುತ್ತದೆ, ಕೈಯಲ್ಲಿ ಲಿವರ್ ಇರುವುದರಿಂದ ಗಾಡಿ ಒಮ್ಮೆ ಮುಂದಕ್ಕೆ ನುಗ್ಗಿ ಒಮ್ಮೆ ತಡೆಯುತ್ತದೆ, ಅದರಿಂದ ಮೈ ಇನ್ನೂ ಜೋರಾಗಿ ಅಲ್ಲಾಡುತ್ತದೆ. ಹೀಗೆ ಒಂದಕ್ಕೊಂದು ಕೂಡಿ ಕುದುರೆ ಕುಣಿದ ಹಾಗಾಗುತ್ತದೆ. ಇದಕ್ಕೆ ಮದ್ದು ಅಂದರೆ ಮೊಣಕೈಗೆ ಆಸರೆ. ಕೈ ಇಡುವ ಹ್ಯಾಂಡಲ್ ಇರುವ ಸೀಟು ಇದ್ದರೆ ತುಂಬಾ ಒಳ್ಳೆಯದು. ಲಿವರ್ ಎತ್ತರ ಬದಲಾಯಿಸಲು ಎರಡು ಮೂರು ತೂತು ಕೊಟ್ಟಿರುತ್ತಾರೆ, ನಮ್ಮ ಹುಡುಗ ಅದನ್ನು ಒಂದು ತೂತು ಕೆಳಗಿಳಿಸಿ ಸೀಟನ್ನು ಸ್ವಲ್ಪ ಮುಂದೆ ತಂದ, ಈಗ ಕೈ ಚಾಚಬೇಕಿಲ್ಲ. ಲಿವರ್ ಬುಡದಲ್ಲಿ ಸಾಮಾನ್ಯವಾಗಿ ಅದರ ಅಲ್ಲಾಟ ತಡೆಯುವ ಸಣ್ಣ ಡ್ಯಾಂಪರ್ ಇರುತ್ತದೆ. ಅದು ಸತ್ತಿದ್ದರೆ ಲಿವರ್ ಸಡಿಲವಾಗಿ ಆಡುತ್ತದೆ, ಬದಲಾಯಿಸಿ.

ಶಾಲೆ ಮೈದಾನ (ಕನಕಪುರ ರಸ್ತೆ)

ಶನಿವಾರ ಪೂರ್ತಿ ಇದೇ ಕೆಲಸ ಮಾಡಿದೆವು. ಗಾಳಿ ಮ್ಯಾನ್ಯುಯಲ್ ಹೇಳಿದ ಹಾಗೆ 13ಕ್ಕೆ ತಂದೆವು. ಮೂರು ಬ್ಲೇಡಿನಲ್ಲಿ ನಡುವಿನದು ಬಗ್ಗಿತ್ತು, ಯಾವಾಗಲೋ ಸ್ಪ್ರಿಂಕ್ಲರ್‌ಗೆ ತಗುಲಿರಬೇಕು. ಹೊಸದು ಹಾಕಿ, ಉಳಿದೆರಡನ್ನು ಮೊಳೆಗೆ ಸಿಕ್ಕಿಸಿ ಸಮ ಮಾಡಿದೆವು. ಲಿವರ್ ಒಂದು ತೂತು ಇಳಿಸಿದೆವು.

ಕೈ ಜೋಮು ಹಿಡಿಯುವುದು ಪೂರ್ತಿ ನಿಂತಿದೆ! ಬಡಿತ ಅರ್ಧಕ್ಕಿಂತ ಕಡಿಮೆ ಆಗಿದೆ. ಆದರೆ ಸೀಟಿನ ಫೋಮ್ ಚಪ್ಪಟೆ ಆಗಿ ಕೆಳಗಿನ ತಗಡು ತಾಗುತ್ತಿದೆ, ಆದ್ದರಿಂದ ಸೊಂಟದ ಕಡೆ ಇನ್ನೂ ಸ್ವಲ್ಪ ಕೆಲಸ ಬಾಕಿ ಇದೆ. ಹೊಸ ಸೀಟಿಗೆ ಈ ವರ್ಷ ದುಡ್ಡಿಲ್ಲ ಅಂದರು. ಜೆ.ಸಿ. ರಸ್ತೆಯಲ್ಲಿ ಕಾರಿನ ಸೀಟು ಮಾಡುವವರ ಹತ್ತಿರ ಮಾಡಿಸಬಹುದಾ?

ಕುಷನ್ ಕೆಲಸದವ

ಮಾಡಿಸಬಹುದು ಸರ್, ಆದರೆ ಬರೀ ಮೆತ್ತಗಿರುವ ಫೋಮ್ ಹಾಕಿಸಿದರೆ ಒಂದೇ ತಿಂಗಳಲ್ಲಿ ಮತ್ತೆ ತಗಡು ತಾಗುತ್ತದೆ. ಕೆಳಗೆ 40 ಡೆನ್ಸಿಟಿಯ ಗಟ್ಟಿ ಫೋಮ್, ಮೇಲೆ ಒಂದು ಇಂಚು ಮೆತ್ತನೆಯದು ಅಂತ ಕೇಳಿ. ಮೇಲೆ ರೆಕ್ಸಿನ್, ಹೊಲಿಗೆಯ ಸಾಲು ಕೂರುವ ಜಾಗದಲ್ಲಿ ಬರದ ಹಾಗೆ, ಇಲ್ಲದಿದ್ದರೆ ಮಳೆ ನೀರು ಅಲ್ಲೇ ಇಳಿಯುತ್ತದೆ.

ಒಂದು ಎಚ್ಚರ. ಸೀಟಿನ ಕೆಳಗೆ ಒಂದು ಸ್ವಿಚ್ ಇದೆ. ಓಡಿಸುವವರು ಸೀಟಿನಿಂದ ಎದ್ದರೆ ಎಂಜಿನ್ನೂ ಬ್ಲೇಡೂ ನಿಲ್ಲಲಿ ಅಂತ. ಫೋಮ್ ತೀರಾ ದಪ್ಪ ಮಾಡಿದರೆ ಆ ಸ್ವಿಚ್ಚಿಗೆ ಭಾರ ಸರಿಯಾಗಿ ತಲುಪದೆ ಗುಂಡಿ ಬಂದಾಗಲೆಲ್ಲ ಎಂಜಿನ್ ಆಫ್ ಆಗುತ್ತದೆ. ಆಗ ಕೆಲವರು ವೈರ್ ಸೇರಿಸಿ ಸ್ವಿಚ್ಚನ್ನೇ ಇಲ್ಲದ ಹಾಗೆ ಮಾಡಿಬಿಡುತ್ತಾರೆ. ಅದನ್ನು ಮಾತ್ರ ಯಾರಿಗೂ ಮಾಡಲು ಬಿಡಬೇಡಿ. ಹಳೆಯ ಫೋಮ್ ಹೊಸದಾಗಿದ್ದಾಗ ಎಷ್ಟು ಎತ್ತರ ಇತ್ತೋ ಅಷ್ಟೇ ಇರಲಿ.

ಪೀಣ್ಯ ವರ್ಕ್‌ಶಾಪ್

ಇವರು ಹೇಳಿದ್ದು ನೂರಕ್ಕೆ ನೂರು ಸರಿ. ಸೀಟು ಕೂರಿಸುವ ನಾಲ್ಕು ಬೋಲ್ಟಿನ ಜಾಗದಲ್ಲಿ ರಬ್ಬರ್ ಮೌಂಟ್ ಇದ್ದರೆ ಅದನ್ನೂ ಒತ್ತಿ ನೋಡಿ, ಹಳೆಯದಾದರೆ ಬಿಸ್ಕತ್ತಿನ ಹಾಗೆ ಪುಡಿಯಾಗುತ್ತದೆ. ಅದೇ ಅಳತೆಯದ್ದು ನಮ್ಮ ಪೀಣ್ಯದಲ್ಲೇ ಸಿಗುತ್ತದೆ. ಕಾಲಿಡುವ ತಗಡಿಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿ.

ಮುಂದಿನ ವರ್ಷ ಸೀಟಿಗೆ ದುಡ್ಡು ಕೇಳುವಾಗ ಇದನ್ನು ತೋರಿಸಿ: ಯುರೋಪಿನಲ್ಲಿ 2002ರಿಂದ ಇದಕ್ಕೆ ನಿಯಮವೇ ಇದೆ. ಕೂತು ಓಡಿಸುವವರ ಮೈಗೆ ತಗಲುವ ಕಂಪನ ದಿನದ 8 ಗಂಟೆ ಲೆಕ್ಕದಲ್ಲಿ 0.5 ಮೀಟರ್ ಪರ್ ಸೆಕೆಂಡ್ ಸ್ಕ್ವೇರ್ ದಾಟಿದರೆ ಕೆಲಸ ಕೊಟ್ಟವರು ಅದನ್ನು ತಗ್ಗಿಸಲು ಕ್ರಮ ತೆಗೆದುಕೊಳ್ಳಬೇಕು, 1.15 ಅಂತೂ ದಾಟಲೇಬಾರದು. ಸೊಂಟ ನೋವು ಕೆಲಸ ಮಾಡುವವರ ಹಣೆಬರಹ ಅಂತ ಬಿಡುವ ವಿಷಯ ಅಲ್ಲ, ಅಲ್ವಾ?

ದೇವನಹಳ್ಳಿ ತೋಟ

ನೆಲವನ್ನೂ ನೋಡಿ ಸರ್. ನಮ್ಮ ಕಡೆ ಸೆಪ್ಟೆಂಬರ್, ಅಕ್ಟೋಬರ್ ಮಳೆಯಲ್ಲಿ ಒದ್ದೆ ನೆಲದ ಮೇಲೆ ಗಾಡಿ ಓಡಿಸಿದರೆ ಚಕ್ರದ ಜಾಡು ಬೀಳುತ್ತದೆ, ಜನವರಿಗೆ ಆ ಕೆಮ್ಮಣ್ಣು ಇಟ್ಟಿಗೆ ಆಗಿರುತ್ತದೆ. ಆಮೇಲೆ ವರ್ಷಪೂರ್ತಿ ಅದರ ಮೇಲೇ ಕುಣಿಯಬೇಕು. ಜರಡಿ ಹಿಡಿದ ಕೆಮ್ಮಣ್ಣು, ಮರಳು ಬೆರೆಸಿ ತಗ್ಗಿಗೆ ತೆಳ್ಳಗೆ ಹರಡಿ. ಒಂದು ಸಲಕ್ಕೆ ಅರ್ಧ ಸೆಂಟಿಮೀಟರ್ ಸಾಕು, ಹುಲ್ಲಿನ ತುದಿ ಕಾಣುತ್ತಿರಬೇಕು. ಹುಲ್ಲು ಬೆಳೆದು ಮೇಲೆ ಬಂದ ನಂತರ ಮತ್ತೆ ಹಾಕಿ. ಪ್ರತಿ ಸಲ ಒಂದೇ ದಿಕ್ಕಿನಲ್ಲಿ ಕತ್ತರಿಸಬೇಡಿ, ಅದೇ ಜಾಡು ಆಳ ಆಗುತ್ತಾ ಹೋಗುತ್ತದೆ.

ಶಾಲೆ ಮೈದಾನ (ಕನಕಪುರ ರಸ್ತೆ)

ಸೀಟು ಇವತ್ತು ಬಂತು. ಕೆಳಗೆ 40 ಡೆನ್ಸಿಟಿ, ಹಳೆಯ ಎತ್ತರವೇ. ಸ್ವಿಚ್ ಕನೆಕ್ಟರ್ ಸಿಕ್ಕಿಸಿ, ಬ್ಲೇಡ್ ಓಡುವಾಗ ಸೀಟಿನಿಂದ ಸ್ವಲ್ಪ ಮೇಲೆದ್ದು ಪರೀಕ್ಷೆ ಮಾಡಿದೆ, ತಕ್ಷಣ ಎಂಜಿನ್ ನಿಂತಿತು. ಮೂರು ಗಂಟೆಯ ಕೆಲಸವನ್ನು ಒಂದೊಂದು ಗಂಟೆಯಂತೆ ಮೂರು ದಿನಕ್ಕೆ ಹಂಚಿದ್ದೇನೆ, ಕಿವಿಗೆ ಮಫ್ ಕೂಡ ತಂದುಕೊಟ್ಟೆ. ಮಾಲಿ ಅಣ್ಣ ಒಂದು ಗಂಟೆ ಓಡಿಸಿ ಇಳಿದರು, ಸೊಂಟ ಹಿಡಿದುಕೊಳ್ಳದೆ ನೇರ ನಲ್ಲಿ ಹತ್ತಿರ ಹೋಗಿ ಕೈ ತೊಳೆದರು.

ಈಗ ಅವರೇ ಮೈದಾನ ಸುತ್ತಿ ಗುಂಡಿ ಇರುವ ಕಡೆಯೆಲ್ಲ ಕಡ್ಡಿ ನೆಟ್ಟಿದ್ದಾರೆ, 23 ಕಡೆ. ಅರ್ಧಕ್ಕರ್ಧ ಹೆಗ್ಗಣದ ಬಿಲ. ಅದನ್ನು ಬರೀ ಮಣ್ಣು ತುಂಬಿ ಮುಚ್ಚಿದರೆ ಮತ್ತೆ ತೋಡುತ್ತವೆ, ಮಕ್ಕಳು ಆಡುವ ಜಾಗದಲ್ಲಿ ವಿಷ ಇಡುವ ಹಾಗಿಲ್ಲ. ಇದಕ್ಕೆ ಏನು ಮಾಡಿದ್ದೀರಿ, ಗೊತ್ತಿದ್ದವರು ಹೇಳಿ.