ವಿದ್ಯಾಗಮ, ವಾಟ್ಸಾಪ್, ಸರ್ವೆ: ಮಲಗೆದ್ದರೂ ಇಳಿಯದ ದಣಿವು

ಪ್ರಶ್ನೆ (ಸರ್ಕಾರಿ ಪ್ರಾಥಮಿಕ ಶಾಲೆ ಶಿಕ್ಷಕಿ, ಸೆಪ್ಟೆಂಬರ್ 2020): ಬೆಳಿಗ್ಗೆ ವಿದ್ಯಾಗಮಕ್ಕೆ (ಶಾಲೆ ಮುಚ್ಚಿರುವಾಗ ಮಕ್ಕಳಿದ್ದಲ್ಲಿಗೇ ಹೋಗಿ ಪಾಠ ಮಾಡುವ ಯೋಜನೆ) ಕೇರಿ ಕೇರಿ ಸುತ್ತಾಟ, ಮಧ್ಯಾಹ್ನ ಕೋವಿಡ್ ಸರ್ವೆ, ರಾತ್ರಿ ವಾಟ್ಸಾಪ್‌ನಲ್ಲಿ ಬಂದ ಹೋಂವರ್ಕ್ ಫೋಟೊಗಳನ್ನು ತಿದ್ದುವುದು. ಎಂಟು ಗಂಟೆ ಮಲಗಿದರೂ ದಣಿವು ಇಳಿಯುತ್ತಿಲ್ಲ. ಮಕ್ಕಳ ಕರೆ ಬಂದರೂ ಸಿಟ್ಟು ಬರುತ್ತದೆ. ಇದು ಖಿನ್ನತೆಯೇ?

ಉತ್ತರ (ಮನೋವೈದ್ಯರು): ನೀವು ಹೇಳಿದ್ದು ಬರ್ನ್‌ಔಟ್‌ಗೆ ಹೆಚ್ಚು ಹತ್ತಿರ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ರೋಗವೆನ್ನದೆ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದು ಗುರುತಿಸಿತು. ಲಕ್ಷಣ ಮೂರು: ಶಕ್ತಿ ಬತ್ತುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು, ಮಾಡಿದ್ದು ಸಾರ್ಥಕವಾಗುತ್ತಿಲ್ಲ ಅನ್ನಿಸುವುದು. ನಿಮ್ಮ ಸಿಟ್ಟು ಎರಡನೆಯದು. ಮಕ್ಕಳ ಮೇಲಿನ ಪ್ರೀತಿ ಹೋಯಿತೆಂದು ಹೆದರಬೇಡಿ.

ಭಾನುವಾರ ಫೋನ್ ಬದಿಗಿಟ್ಟಾಗ ಮನಸ್ಸು ಹಗುರಾದರೆ ಮೂಲ ಕೆಲಸದಲ್ಲಿದೆ. ಊಟ, ಮನೆಮಂದಿ, ಹಾಡು ಯಾವುದೂ ಹಿತವೆನಿಸದೆ ಎರಡು ವಾರ ದಾಟಿದರೆ ಖಿನ್ನತೆ ಇರಬಹುದು, ವೈದ್ಯರನ್ನು ಕಾಣಿ. ಯಾವುದೇ ಆಗಲಿ, ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ ಪರೀಕ್ಷೆ ಮಾಡಿಸಿ. ರಕ್ತಹೀನತೆಯ ಸುಸ್ತನ್ನು ಮನಸ್ಸಿನ ತಲೆಗೆ ಕಟ್ಟುವುದು ಬಹಳ ಆಗುತ್ತಿದೆ.

ಪ್ರಶ್ನೆ (ಅದೇ ಶಿಕ್ಷಕಿ): ರಜೆ ಹಾಕಿದರೆ ಸರಿಹೋಗುತ್ತದೆಯೇ?

ಉತ್ತರ (ಮನೋವೈದ್ಯರು): ಒಂದು ವಾರ ಹಗುರ. ಮರಳಿದ ದಿನವೇ ಅದೇ ರಾಶಿ ಕಾದಿರುತ್ತದೆ. ರಾಶಿಯನ್ನೇ ಕಡಿಮೆ ಮಾಡಬೇಕು.

ಹೋಂವರ್ಕ್ ತಿದ್ದುವ ಲೆಕ್ಕ ನೋಡಿ. 25 ಮಕ್ಕಳು, ಒಬ್ಬೊಬ್ಬರಿಗೆ 3 ನಿಮಿಷ ಅಂದರೆ ದಿನಕ್ಕೆ 75 ನಿಮಿಷ, ಅದೂ ಮಸುಕಾದ ಫೋಟೊ ಹಿಗ್ಗಿಸಿಕೊಂಡು. ಬದಲಿಗೆ ದಿನಕ್ಕೆ ಐದೇ ಮಕ್ಕಳದ್ದು ಪೂರ್ತಿ ತಿದ್ದಿ. ಉಳಿದ 20ಕ್ಕೆ ಕಣ್ಣಾಡಿಸಿ ಒಂದು ಗುರುತು, ತಲಾ 15 ಸೆಕೆಂಡು. ಒಟ್ಟು 20 ನಿಮಿಷ. ಐದು ದಿನದಲ್ಲಿ ಪ್ರತಿ ಮಗುವಿನದೂ ಒಮ್ಮೆ ಚೆನ್ನಾಗಿ ನೋಡಿದಂತಾಯಿತು. ಹಲವರು ಮಾಡಿದ ಒಂದೇ ತಪ್ಪಿಗೆ ಒಂದು ನಿಮಿಷದ ಧ್ವನಿ ಸಂದೇಶ ಸಾಕು.

ವಾಟ್ಸಾಪ್ ಗ್ರೂಪ್‌ನಲ್ಲಿ ನೀವಷ್ಟೇ ಸಂದೇಶ ಹಾಕುವಂತೆ 'ಅಡ್ಮಿನ್ ಮಾತ್ರ' ಆಯ್ಕೆ ಹಾಕಿ, ಪ್ರಶ್ನೆಗೆ ಒಂದು ಹೊತ್ತು ಗೊತ್ತು ಮಾಡಿ ಆಗಷ್ಟೇ ತೆರೆಯಿರಿ. ಹಗಲು ಬೇಡ. ಮನೆಯ ಒಂದೇ ಫೋನು ಕೂಲಿಗೆ ಹೋದ ಅಪ್ಪನ ಜೇಬಿನಲ್ಲಿರುತ್ತದೆ. ಸಂಜೆ 7ರಿಂದ 7.45 ಅನುಕೂಲ, ಆಮೇಲೆ ಮುಚ್ಚಿ. ಎಡವುವುದು ಇಲ್ಲೇ: ಒಂದು ದಿನ ರಾತ್ರಿ ಹತ್ತಕ್ಕೆ ಉತ್ತರಿಸಿದರೆ ಮರುದಿನದಿಂದ ಹತ್ತೇ ಸಮಯವಾಗುತ್ತದೆ.

ಇನ್ನೊಂದು ಮಾತು. ತರಗತಿಯಲ್ಲಿ ಮಗುವಿಗೆ ಅರ್ಥವಾದದ್ದು ಮುಖದಲ್ಲೇ ಕಾಣುತ್ತದೆ. ಶಿಕ್ಷಕರ ದಣಿವು ತೀರುವುದು ಅದರಿಂದಲೇ, ನೀಲಿ ಟಿಕ್ಕಿನಿಂದಲ್ಲ. ವಿದ್ಯಾಗಮದ ಹೊತ್ತಿನಲ್ಲಿ ನಮೂನೆ ತುಂಬುವುದನ್ನು ಕೊನೆಗಿಟ್ಟು, ಮೊದಲ ಹತ್ತು ನಿಮಿಷ ಮಕ್ಕಳಿಂದ ಓದಿಸಿ.

ಸೇರ್ಪಡೆ (ವಾಕ್ ಚಿಕಿತ್ಸಕರು): ದಣಿವಿನಲ್ಲಿ ಗಂಟಲಿನ ಪಾಲೂ ಇದೆ. ಮಾಸ್ಕ್ ಸ, ಶ, ಚದಂಥ ಧ್ವನಿಗಳನ್ನು ಮಂಕಾಗಿಸುತ್ತದೆ. ಅರಳಿಕಟ್ಟೆಯಲ್ಲಿ ಧ್ವನಿ ಮರಳಿಸಲು ಗೋಡೆಯಿಲ್ಲ. ಹಾಗಾಗಿ ತಿಳಿಯದೆಯೇ ಕೂಗುತ್ತೀರಿ. ದೇವಸ್ಥಾನದ ಜಗಲಿಯಂಥ ಜಾಗದಲ್ಲಿ ಗೋಡೆಗೆ ಬೆನ್ನು ಮಾಡಿ ನಿಲ್ಲಿ, ಮಕ್ಕಳು ಅಂತರ ಬಿಟ್ಟು ಅರ್ಧವೃತ್ತದಲ್ಲಿ ಕೂರಲಿ. ಎಲ್ಲರಿಂದ ದೂರ ಸರಿದು ಆಗಾಗ ಒಂದೆರಡು ಗುಟುಕು ನೀರು. ಕೆರೆತ ಬಂದಾಗ ಗಂಟಲು ಕ್ಯಾಕರಿಸಬೇಡಿ, ಉಗುಳು ನುಂಗಿ. ಪಿಸುಮಾತು ವಿಶ್ರಾಂತಿಯಲ್ಲ, ಅದೂ ಶ್ರಮವೇ. ಗೊಗ್ಗರು ಧ್ವನಿ ಮೂರು ವಾರ ದಾಟಿದರೆ ಇಎನ್‌ಟಿ ತಜ್ಞರಿಗೆ ತೋರಿಸಿ.

ಪ್ರಶ್ನೆ (ಖಾಸಗಿ ಶಾಲೆ ಶಿಕ್ಷಕ): ಅರ್ಧ ಸಂಬಳ, ದಿನಕ್ಕೆ ಆರು ಆನ್‌ಲೈನ್ ಪಿರಿಯಡ್. ಆನ್‌ಲೈನ್ ಪಾಠಕ್ಕೆ ಕೇಂದ್ರ ಸರ್ಕಾರ ಕೊಟ್ಟ ಪ್ರಜ್ಞಾತಾ ಮಾರ್ಗಸೂಚಿ ತೋರಿಸಿ ಕಡಿಮೆ ಮಾಡಿಸಬಹುದೇ?

ಉತ್ತರ (ಮನೋವೈದ್ಯರು): ಜುಲೈ 2020ರ ಆ ಮಾರ್ಗಸೂಚಿ 1ರಿಂದ 8ನೇ ತರಗತಿಗೆ ದಿನಕ್ಕೆ 30–45 ನಿಮಿಷದ ಎರಡು, 9ರಿಂದ 12ಕ್ಕೆ ನಾಲ್ಕು ಅವಧಿ ಮೀರಬಾರದು ಎನ್ನುತ್ತದೆ. ಆದರೆ ಆ ಮಿತಿ ಮಗುವಿಗೆ, ಶಿಕ್ಷಕರಿಗಲ್ಲ. ಬೇರೆ ಬೇರೆ ತರಗತಿಗೆ ಆರು ಪಿರಿಯಡ್ ಕೊಟ್ಟರೆ ಅದು ಅಡ್ಡ ಬರುವುದಿಲ್ಲ. ಒಂದೇ ಪಾಠವನ್ನು ಎ, ಬಿ, ಸಿ ವಿಭಾಗಗಳಿಗೆ ಮೂರು ಸಲ ಮಾಡುತ್ತಿದ್ದರೆ, ಪಾಠ ಒಟ್ಟಿಗೆ, ಸಂಶಯ ನಿವಾರಣೆ ಪ್ರತ್ಯೇಕ ಎಂದು ಕೇಳಿ. ಒಬ್ಬರೇ ಹೋಗಬೇಡಿ, ನಾಲ್ಕೈದು ಮಂದಿ ಸಹಿ ಹಾಕಿ ಬರವಣಿಗೆಯಲ್ಲಿ ಕೊಡಿ.

ಸಂಬಳದ ಚಿಂತೆಗೆ ಪ್ರಾಣಾಯಾಮ ಹೇಳಿ ಕಳಿಸಲಾರೆ. ಅದು ನಿಮ್ಮ ಮನಸ್ಸಿನ ದೋಷವೇ ಅಲ್ಲ. ನಿದ್ದೆ ಕೆಟ್ಟರೆ, ಬದುಕು ಸಾಕೆನಿಸಿದರೆ ಮಾತ್ರ ತಡಮಾಡಬೇಡಿ: ನಿಮ್ಹಾನ್ಸ್ ಸಹಾಯವಾಣಿ 080-46110007. ಇವತ್ತೇ ಮಾಡಿ.