ಅಕ್ಟೋಬರ್ ರೋಡ್ ಟ್ರಿಪ್: ಮಕ್ಕಳ ಮನೆ, ಹಳದಿ ಎಲೆ, ಋತುವಿನ ಮೊದಲ ಸ್ಕೀಯಿಂಗ್ – ಮೂರೂ ಒಂದೇ ಸುತ್ತಿನಲ್ಲಿ ಆಗುತ್ತದೆಯೇ?

ಪ್ರಶ್ನೆ: ಮಿಸೌರಿ ನಿವಾಸಿ

ಎಲ್ಲರಿಗೂ ನಮಸ್ಕಾರ. ನಾನೂ ನನ್ನ ಮಡದಿಯೂ ಅರವತ್ತೈದು ದಾಟಿದವರು. ಕೆಲಸದಿಂದ ನಿವೃತ್ತರಾಗಿ ಸೇಂಟ್ ಲೂಯಿಸ್ ಬಳಿ ನೆಲೆಸಿದ್ದೇವೆ. ಈ ಸಲ ವಿಮಾನದ ಗೋಜಿಗೆ ಹೋಗದೆ ನಮ್ಮ ಕಾರಿನಲ್ಲೇ ಪಶ್ಚಿಮದ ಕಡೆಗೆ ಹೊರಡುವ ಯೋಚನೆಯಿದೆ. ಕ್ಯಾನ್ಸಸ್ ಸಿಟಿಯಲ್ಲಿ ನನ್ನ ತಂಗಿ ನವರಾತ್ರಿಗೆ ಗೊಂಬೆ ಕೂರಿಸುತ್ತಾಳೆ, ಡೆನ್ವರಿನಲ್ಲಿ ಮಗ, ಸೊಸೆ ಮತ್ತು ಮೊಮ್ಮಕ್ಕಳಿದ್ದಾರೆ, ದೀಪಾವಳಿಗೆ ಸಾಲ್ಟ್ ಲೇಕ್ ಸಿಟಿಯಲ್ಲಿರುವ ಮಗಳ ಮನೆ ತಲುಪಿದರೆ ಸಾಕು. ನಡುವೆ ಆಸ್ಪೆನ್ ಮರಗಳ ಹಳದಿಯನ್ನು ನೋಡಬೇಕು, ಬೆಟ್ಟದ ಮೇಲಕ್ಕೆ ಒಯ್ಯುವ ಸ್ಕೀ ಲಿಫ್ಟುಗಳು ತೆರೆದ ಕೂಡಲೇ ಸ್ಕೀ ಮಾಡಬೇಕು ಎಂಬುದು ನಮ್ಮಿಬ್ಬರ ಆಸೆ. ಮಕ್ಕಳು ಚಿಕ್ಕವರಿದ್ದಾಗ ಅವರ ಜೊತೆಗೇ ಕಲಿತವರು ನಾವು. ನೀಲಿ ಗುರುತಿನ (ಮಧ್ಯಮ ಮಟ್ಟದ) ಇಳಿಜಾರುಗಳನ್ನು ನಿಧಾನವಾಗಿ ಇಳಿಯಬಲ್ಲೆವು, ಕಪ್ಪು ಗುರುತಿನ (ಕಠಿಣ) ಇಳಿಜಾರುಗಳ ತಂಟೆಗೆ ಹೋಗುವುದಿಲ್ಲ. ಮಡದಿಗೆ ಬಲಮಂಡಿ ಆಗಾಗ ನೋಯುತ್ತದೆ, ನನಗೆ ರಕ್ತದೊತ್ತಡದ ಮಾತ್ರೆಯಿದೆ. ಯಾವುದನ್ನು ಮೊದಲು ಇಟ್ಟುಕೊಳ್ಳಬೇಕು, ಯಾವ ದಾರಿ ಹಿಡಿಯಬೇಕು ಎಂಬುದನ್ನು ಆ ಕಡೆಯ ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ: ತಪ್ಪಲಿನವ (ಕೊಲರಾಡೊ)

ಸರ್, ಮೊದಲೇ ಒಂದು ನಿರಾಶೆಯ ಮಾತು ಹೇಳಿಬಿಡುತ್ತೇನೆ. ಕೊಲರಾಡೊದಲ್ಲಿ ಆಸ್ಪೆನ್ ಹಳದಿಯೂ ಸ್ಕೀ ಲಿಫ್ಟುಗಳ ಆರಂಭವೂ ಕೂಡಿಬರುವುದಿಲ್ಲ. ಎತ್ತರದ ಆಸ್ಪೆನ್ ಕಾಡುಗಳು ಸೆಪ್ಟೆಂಬರ್ ಕೊನೆಯ ವಾರದಿಂದ ಅಕ್ಟೋಬರ್ ಮೊದಲ ದಿನಗಳವರೆಗೆ ತುಂಬಿ ಹೊಳೆಯುತ್ತವೆ. ಆಮೇಲೆ ಒಂದು ಜೋರು ಗಾಳಿ ಬೀಸಿದರೆ ಬೋಳು ರೆಂಬೆಗಳಷ್ಟೇ ಉಳಿಯುತ್ತವೆ. ಸ್ಕೀ ತಾಣಗಳಾದ ಅರಾಪಾಹೊ ಬೇಸಿನ್, ಲವ್‌ಲ್ಯಾಂಡ್, ಕೀಸ್ಟೋನ್‌ಗಳಲ್ಲಿ ಯಾರು ಮೊದಲು ತೆರೆಯುತ್ತಾರೆ ಎಂಬ ಪೈಪೋಟಿ ಪ್ರತಿ ವರ್ಷವೂ ಇದ್ದೇ ಇರುತ್ತದೆ, ಆದರೆ ಅದು ಸಾಮಾನ್ಯವಾಗಿ ಅಕ್ಟೋಬರ್ ತಿಂಗಳ ಎರಡನೆಯ ಅರ್ಧದ ಮಾತು. ಗೊಂಬೆ ನೋಡಿಕೊಂಡು ಹೊರಡುವ ನಿಮಗೆ ಆಸ್ಪೆನ್ ಸಿಗುವುದಿಲ್ಲ, ಲಿಫ್ಟು ಸಿಗಬಹುದು.

ಹಳದಿಯೇ ಬೇಕೆಂದರೆ ಬೆಟ್ಟ ಹತ್ತಬೇಡಿ, ಇಳಿಯಿರಿ. ಯೂಟಾದ ಕೆಂಪು ಬಂಡೆಗಳ ನಡುವೆ ನದಿಯ ದಂಡೆಗಳಲ್ಲಿ ಬೆಳೆಯುವ ಕಾಟನ್‌ವುಡ್ ಮರಗಳು ಅಕ್ಟೋಬರ್ ಕೊನೆಯಿಂದ ನವೆಂಬರ್ ಮೊದಲ ವಾರದವರೆಗೆ ಬಣ್ಣಕ್ಕೆ ತಿರುಗುತ್ತವೆ, ನಿಮ್ಮ ದಾರಿಯೂ ಅಲ್ಲಿಯೇ ಹಾದುಹೋಗುತ್ತದೆ. ಡೆನ್ವರಿನಿಂದ ಐ-70 ಹೆದ್ದಾರಿಯಲ್ಲಿ ಗ್ಲೆನ್‌ವುಡ್ ಕಣಿವೆ ದಾಟಿ ಯೂಟಾ ಪ್ರವೇಶಿಸಿದ ಮೇಲೆ ಸಿಸ್ಕೊ ಬಳಿ ಹೆದ್ದಾರಿ ಬಿಟ್ಟು ರಾಜ್ಯ ರಸ್ತೆ 128 ಹಿಡಿದರೆ, ಕೊಲರಾಡೊ ನದಿಯ ಪಕ್ಕದಲ್ಲೇ ಮೋಆಬ್ ಎಂಬ ಊರು ತಲುಪುತ್ತೀರಿ. ಕಡಿದಾದ ಕೆಂಪು ಗೋಡೆಗಳು, ಅವುಗಳ ಬುಡದಲ್ಲಿ ಹಳದಿ ಮರಗಳು. ಆಸ್ಪೆನ್‌ಗಿಂತ ಇದೇ ಚೆಲುವು ಎಂದು ನಾನು ವಾದಿಸುತ್ತೇನೆ, ಇಲ್ಲಿಯ ಗೆಳೆಯರು ಒಪ್ಪುವುದಿಲ್ಲ. ಇನ್ನೊಂದು ದಿನ ಬಿಡುವಿದ್ದರೆ ಕ್ಯಾಪಿಟಲ್ ರೀಫ್ ರಾಷ್ಟ್ರೀಯ ಉದ್ಯಾನದ ಫ್ರೂಟಾಗೆ ಹೋಗಿ. 1880ರ ದಶಕದಲ್ಲಿ ಅಲ್ಲಿ ನೆಲೆಸಿದ ಮಾರ್ಮನ್ ಕುಟುಂಬಗಳು ಆರಂಭಿಸಿದ ಹಣ್ಣಿನ ತೋಟಗಳನ್ನು ಉದ್ಯಾನದವರು ಇಂದಿಗೂ ಕಾಪಾಡಿಕೊಂಡು ಬಂದಿದ್ದಾರೆ. ನೀವಿಬ್ಬರೂ ಅಮೆರಿಕದ ಪೌರರೋ ಗ್ರೀನ್ ಕಾರ್ಡ್ ಉಳ್ಳವರೋ ಆಗಿದ್ದರೆ, 62 ದಾಟಿದವರಿಗಿರುವ 80 ಡಾಲರಿನ ಜೀವಮಾನದ ಪಾಸ್ ಒಂದನ್ನು ಕೊಂಡರೆ ಒಂದೇ ಕಾರಿನಲ್ಲಿ ಇಬ್ಬರ ಪ್ರವೇಶವೂ ಮುಗಿಯಿತು.

ಇನ್ನು ಸ್ಕೀಯಿಂಗ್. ಅಕ್ಟೋಬರಿನ ಹಿಮ ಆಕಾಶದಿಂದ ಬಿದ್ದದ್ದಕ್ಕಿಂತ ಹೆಚ್ಚಾಗಿ ಯಂತ್ರದಿಂದ ಬಂದದ್ದು. ಗಾಳಿಯ ತೇವವನ್ನೂ ಲೆಕ್ಕಕ್ಕೆ ಹಿಡಿದ ಉಷ್ಣಾಂಶ ಸುಮಾರು ಮೈನಸ್ 2 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಮಾತ್ರ ಯಂತ್ರಗಳು ಕೆಲಸ ಮಾಡುತ್ತವೆ. ಇಲ್ಲಿ ಒಣಗಾಳಿ ಮತ್ತು ಚಳಿಯ ರಾತ್ರಿಗಳು ಎರಡೂ ಇರುವುದರಿಂದ ಅಕ್ಟೋಬರಿನಲ್ಲೇ ಇದು ಸಾಧ್ಯವಾಗುತ್ತದೆ. ಆದಕಾರಣವೇ ತೆರೆಯುವ ದಿನವನ್ನು ಬಹಳ ಮೊದಲು ಯಾರೂ ಹೇಳಲಾರರು, ಹೋಟೆಲನ್ನು ರದ್ದುಮಾಡಲು ಬರುವಂತೆಯೇ ಕಾಯ್ದಿರಿಸಿ. ಮೊದಲ ದಿನಗಳಲ್ಲಿ ಅರಾಪಾಹೊ ಬೇಸಿನ್‌ನಲ್ಲಿ ತೆರೆದಿರುವುದು ಹೆಚ್ಚಾಗಿ ಹೈ ನೂನ್ ಎಂಬ ಒಂದೇ ಇಳಿಜಾರು. ಅದು ನೀಲಿ ಗುರುತಿನದೇ ಆದರೂ ಇಡೀ ಡೆನ್ವರಿನ ಹುಡುಗರು ಆ ಒಂದು ಪಟ್ಟಿಯ ಮೇಲೆ ಮೆಜೆಸ್ಟಿಕ್ಕಿನ ಸಂಜೆಯ ಜನಸಂದಣಿಯಂತೆ ಸುರಿಯುತ್ತಾರೆ. ಆರಂಭದ ದಿನವನ್ನೂ ಶನಿವಾರ, ಭಾನುವಾರಗಳನ್ನೂ ಬಿಟ್ಟು ಮಂಗಳವಾರವೋ ಬುಧವಾರವೋ ಹೋಗಿ, ಬೆಳಿಗ್ಗೆ ಹಿಮ ಕಲ್ಲಿನಂತಿರುವುದರಿಂದ ಹತ್ತು ಗಂಟೆ ಕಳೆದ ಮೇಲೆ ಆರಂಭಿಸಿ.

ಕಾರಿನ ಬಗ್ಗೆ ಒಂದು ಮಾತು. ಐ-70ರ ಮಾರಿಸನ್–ಡಾಟ್ಸೆರೊ ಭಾಗದಲ್ಲಿ ಸೆಪ್ಟೆಂಬರ್ 1ರಿಂದ ಮೇ 31ರವರೆಗೆ ಟೈರುಗಳಿಗೆ ಸಂಬಂಧಿಸಿದ ಕಾನೂನಿದೆ: ಗೀರುಗಳ ಆಳ ಕನಿಷ್ಠ 3/16 ಅಂಗುಲವಿರಬೇಕು, ಹಿಮಕ್ಕೆ ತಕ್ಕ ಟೈರಾಗಲಿ ಚೈನಾಗಲಿ ಆಲ್ ವ್ಹೀಲ್ ಡ್ರೈವ್ ಆಗಲಿ ಇರಬೇಕು. ಸೇಂಟ್ ಲೂಯಿಸ್‌ನಲ್ಲಿ ಚೆನ್ನಾಗಿಯೇ ಕಾಣುವ ಟೈರು ಇಲ್ಲಿ ಸಾಲದಿರಬಹುದು, ಹೊರಡುವ ಮೊದಲೇ ಅಳೆಸಿ.

ಉತ್ತರ: ಸ್ಟೆತಸ್ಕೋಪ್ (ಟೆಕ್ಸಸ್)

ನಾನು ವೈದ್ಯೆ, ಸ್ಕೀ ಮಾಡುವವಳೂ ಹೌದು. ಮೇಲಿನವರು ಎತ್ತರದ ಬಗ್ಗೆ ಏನೂ ಹೇಳಲಿಲ್ಲ. ಡೆನ್ವರ್ 5,280 ಅಡಿಯಲ್ಲಿದ್ದರೆ, ಅರಾಪಾಹೊ ಬೇಸಿನ್‌ನ ಬುಡವೇ 10,780 ಅಡಿಯಲ್ಲಿದೆ. ಅಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಸುಮಾರು ಮೂರನೇ ಎರಡು ಭಾಗ ಮಾತ್ರ. ನೀವು ಬರುತ್ತಿರುವುದು 500 ಅಡಿಯ ಆಸುಪಾಸಿನಿಂದ. ತಗ್ಗಿನಿಂದ ಬಂದವರು ಒಂದೇ ದಿನದಲ್ಲಿ 9,000 ಅಡಿಗಿಂತ ಮೇಲೇರಿ ಮಲಗಬಾರದು ಎಂಬುದು ಸಾಮಾನ್ಯ ವೈದ್ಯಕೀಯ ಸಲಹೆ. ಹೀಗಾಗಿ ಮಗನ ಮನೆಯಲ್ಲಿ ಮೊಮ್ಮಕ್ಕಳೊಡನೆ ಕಳೆಯುವ ದಿನಗಳನ್ನು ಸ್ಕೀಯಿಂಗಿಗಿಂತ ಮೊದಲೇ ಇಟ್ಟುಕೊಳ್ಳಿ. ಅದೇ ನಿಮ್ಮ ಶರೀರವು ಎತ್ತರಕ್ಕೆ ಒಗ್ಗಿಕೊಳ್ಳುವ ಕಾಲವೂ ಆಗುತ್ತದೆ. ಸ್ಕೀ ಮುಗಿಸಿ ಸಂಜೆಗೆ ಡೆನ್ವರಿಗೇ ಹಿಂತಿರುಗುವುದಾದರೆ ಇನ್ನೂ ಒಳ್ಳೆಯದು. ರಕ್ತದೊತ್ತಡದ ಮಾತ್ರೆಗಳಲ್ಲಿ ಕೆಲವು ಮೂತ್ರ ಹೆಚ್ಚಿಸುವಂಥವು, ಒಣಹವೆಯಲ್ಲಿ ಅವುಗಳಿಂದ ನಿರ್ಜಲೀಕರಣ ಬೇಗ ಆಗುತ್ತದೆ. ಹೊರಡುವ ಮೊದಲು ನಿಮ್ಮ ವೈದ್ಯರನ್ನು ಕಂಡು, ಎತ್ತರದ ತೊಂದರೆಗೆ ಮುಂಚಿತವಾಗಿ ಮಾತ್ರೆ ಬೇಕೇ ಎಂಬುದನ್ನೂ ಅಲ್ಲಿಯೇ ಕೇಳಿ. ತಲೆನೋವಿನೊಡನೆ ವಾಂತಿ, ತಡವರಿಸುವ ನಡಿಗೆ, ಕುಳಿತಲ್ಲಿಯೂ ಏದುಸಿರು ಕಂಡರೆ ಕಾಯದೆ ಕೆಳಗಿಳಿಯಬೇಕು.

ಮಂಡಿಯ ವಿಷಯದಲ್ಲಿ ಬೈಂಡಿಂಗ್, ಅಂದರೆ ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿ, ಮುಖ್ಯ. ಬಿದ್ದಾಗ ಬೂಟು ಸ್ಕೀಯಿಂದ ಕಳಚಿಕೊಳ್ಳದಿದ್ದರೆ ತಿರುಚುವಿಕೆಯೆಲ್ಲ ಮಂಡಿಯ ಮೇಲೆ ಬೀಳುತ್ತದೆ. 50 ದಾಟಿದವರಿಗೆ ಸ್ಕೀ ಅಂಗಡಿಯವರ ಪಟ್ಟಿಯಲ್ಲಿಯೇ ಒಂದು ಹಂತ ಸಡಿಲವಾದ ಅಳತೆಯಿದೆ, ಆದ್ದರಿಂದ ನಿಜವಾದ ವಯಸ್ಸನ್ನೂ ತೂಕವನ್ನೂ ಹೇಳಿ, ‘ನಿಧಾನವಾಗಿ ಇಳಿಯುವವರು’ ಎಂದೇ ಬರೆಸಿ. ಇಲ್ಲಿ ಬಿಂಕ ಬೇಡ. ರಕ್ತ ತೆಳುಮಾಡುವ ಔಷಧ ತೆಗೆದುಕೊಳ್ಳುವವರು ತಲೆಗೆ ಪೆಟ್ಟಾದರೆ, ನೋವಿಲ್ಲದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ಹೆಲ್ಮೆಟ್ ಎಲ್ಲರಿಗೂ ಇರಲಿ.

ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆಯಾದ ಒರಿಜಿನಲ್ ಮೆಡಿಕೇರ್ ಇದ್ದರೆ ಯಾವ ರಾಜ್ಯದಲ್ಲಾದರೂ ಅದನ್ನು ಒಪ್ಪುವ ವೈದ್ಯರಲ್ಲಿಗೆ ಹೋಗಬಹುದು. ಖಾಸಗಿ ಕಂಪನಿಗಳ ಮೂಲಕ ಸಿಗುವ ಮೆಡಿಕೇರ್ ಅಡ್ವಾಂಟೇಜ್ ಆದರೆ ತುರ್ತು ಚಿಕಿತ್ಸೆಗೆ ತೊಂದರೆಯಿಲ್ಲ, ಅನಂತರದ ಮರುಭೇಟಿಗಳು ಮಾತ್ರ ನಿಮ್ಮ ನೆಟ್‌ವರ್ಕಿನಿಂದ ಹೊರಗುಳಿಯಬಹುದು.

ಉತ್ತರ: ಉಪ್ಪಿನ ಕೆರೆ (ಯೂಟಾ)

ಎಲ್ಲವೂ ಸರಿ, ಆದರೆ ಅಕ್ಟೋಬರ್ ಸ್ಕೀಯಿಂಗನ್ನೇ ನಾನು ಒಪ್ಪುವುದಿಲ್ಲ. ಮಂಡಿ ನೋವಿರುವವರು ಗಟ್ಟಿಯಾದ ಯಂತ್ರಹಿಮದ ಕಿರಿದಾದ ಪಟ್ಟಿಯ ಮೇಲೆ, ಹಿಂದಿನಿಂದ ಯಾರು ಬಂದು ಡಿಕ್ಕಿ ಹೊಡೆಯುತ್ತಾರೋ ಎಂಬ ಆತಂಕದಲ್ಲಿ ಇಳಿಯುವುದರಲ್ಲಿ ಏನು ಸುಖವಿದೆ? ಹೇಗಿದ್ದರೂ ದೀಪಾವಳಿಗೆ ಮಗಳ ಮನೆಗೆ ಬರುತ್ತೀರಿ. ಥ್ಯಾಂಕ್ಸ್‌ಗಿವಿಂಗ್‌ವರೆಗೆ ಇಲ್ಲಿಯೇ ಉಳಿಯಿರಿ. ಬ್ರೈಟನ್ ಮತ್ತು ಸಾಲಿಟ್ಯೂಡ್ ಎಂಬ ಸ್ಕೀ ತಾಣಗಳು ಸಾಮಾನ್ಯವಾಗಿ ನವೆಂಬರಿನಲ್ಲಿ ತೆರೆಯುತ್ತವೆ, ಎರಡೂ ನಗರದ ಅಂಚಿನ ಬಿಗ್ ಕಾಟನ್‌ವುಡ್ ಕಣಿವೆಯಲ್ಲಿವೆ. ಬೆಳಿಗ್ಗೆ ಮಗಳ ಮನೆಯಲ್ಲಿ ಉಪ್ಪಿಟ್ಟು ತಿಂದು ಹೊರಟು ಮಧ್ಯಾಹ್ನಕ್ಕೆ ವಾಪಸಾಗಬಹುದು. ಎರಡರ ಬುಡವೂ ಅರಾಪಾಹೊಗಿಂತ ಎರಡು ಸಾವಿರ ಅಡಿಗೂ ಹೆಚ್ಚು ತಗ್ಗಿನಲ್ಲಿದೆ.

ಡೆನ್ವರಿನಿಂದ ನೇರವಾಗಿ ಇಲ್ಲಿಗೆ ಬರಲು ಕೆಲವರು ವಯೋಮಿಂಗಿನ ಐ-80 ಹಿಡಿಯಿರಿ ಎಂದಾರು. ಬೇಡ. ಲ್ಯಾರಮಿ ಮತ್ತು ರಾಲಿನ್ಸ್ ನಡುವೆ ಗಾಳಿ ಲಾರಿಗಳನ್ನೇ ಉರುಳಿಸುತ್ತದೆ, ಹೆದ್ದಾರಿ ಮುಚ್ಚಿದರೆ ಹೋಟೆಲಿನಲ್ಲಿ ಸಿಕ್ಕಿಬೀಳುತ್ತೀರಿ. ಮೋಆಬ್, ಪ್ರೈಸ್, ಸ್ಪ್ಯಾನಿಷ್ ಫೋರ್ಕ್ ದಾರಿಯೇ ಸರಿ. ಹೊತ್ತು ಮುಳುಗಿದ ಮೇಲೆ ಆ ದಾರಿಯಲ್ಲಿ ಓಡಿಸಬೇಡಿ, ಜಿಂಕೆಗಳು ರಸ್ತೆಗೆ ಬರುವ ಕಾಲವದು.

ಪ್ರಶ್ನೆ ಕೇಳಿದವರು: ಮಿಸೌರಿ ನಿವಾಸಿ

ಮೂವರಿಗೂ ವಂದನೆಗಳು. ಇಬ್ಬರೂ ಕುಳಿತು ಮಾತಾಡಿದೆವು. ಆಸ್ಪೆನ್ ಆಸೆ ಬಿಟ್ಟಾಯಿತು, ಮೋಆಬ್ ಖಂಡಿತ. ಸ್ಕೀಯಿಂಗಿನಲ್ಲಿ ಮಾತ್ರ ಒಮ್ಮತವಿಲ್ಲ: ವಾರದ ನಡುವಿನ ಒಂದು ದಿನ ಅರಾಪಾಹೊಗೆ ಹೋಗಿ ನಾನು ನಾಲ್ಕಾರು ಸಲ ಇಳಿಯುತ್ತೇನೆ, ಮಡದಿ ಲಾಡ್ಜಿನಲ್ಲಿ ಕುಳಿತು ನೋಡಿ ತನ್ನ ಮಂಡಿಯನ್ನು ಬ್ರೈಟನ್ನಿಗೆ ಉಳಿಸಿಕೊಳ್ಳುತ್ತಾಳಂತೆ. ಕ್ಯಾನ್ಸಸ್ ಸಿಟಿಯಿಂದ ಡೆನ್ವರಿನ 600 ಮೈಲಿಯನ್ನು ಎರಡು ದಿನಕ್ಕೆ ಹಂಚಿದ್ದೇವೆ. ನಡುವಿನ ತಂಗುದಾಣ ಹೇಸ್. ಅದಕ್ಕೆ ಸ್ವಲ್ಪ ಮೊದಲು ಸಿಗುವ ವಿಕ್ಟೋರಿಯಾ ಎಂಬ ಪುಟ್ಟ ಊರಿನಲ್ಲಿ ವೋಲ್ಗಾ ತೀರದಿಂದ ಬಂದ ಜರ್ಮನ್ ರೈತರು ಕಟ್ಟಿ 1911ರಲ್ಲಿ ಮುಗಿಸಿದ ದೊಡ್ಡ ಕಲ್ಲಿನ ಚರ್ಚನ್ನು ನೋಡಬೇಕೆಂದು ತಂಗಿ ಹೇಳಿದ್ದಾಳೆ.

ಮಡದಿಯದು ಕೊನೆಯ ಪ್ರಶ್ನೆ. ಸ್ಕೀ ದಿನದ ರಾತ್ರಿ ಮಗನ ಕುಟುಂಬವೂ ನಮ್ಮೊಡನೆ ಅರಾಪಾಹೊ ಬಳಿಯ ಊರಾದ ಡಿಲನ್‌ನಲ್ಲಿ ಬಾಡಿಗೆ ಮನೆ ಹಿಡಿದು ಉಳಿಯುವ ಮಾತಿದೆ. ಅಲ್ಲಿ ಸಾರು ಮಾಡಲು ಬೇಳೆ ಬೇಯುತ್ತದೆಯೇ?

ಉತ್ತರ: ತಪ್ಪಲಿನವ (ಕೊಲರಾಡೊ)

ಮೇಡಂ, ಡಿಲನ್ 9,100 ಅಡಿಯ ಆಸುಪಾಸಿನಲ್ಲಿದೆ. ನೀರು ಸುಮಾರು 91 ಡಿಗ್ರಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಕರಗಲು ಬಹಳ ಹೊತ್ತು ಹಿಡಿಯುತ್ತದೆ. ಮನೆಯಿಂದಲೇ ಪ್ರೆಷರ್ ಕುಕ್ಕರ್ ತನ್ನಿ, ಅಲ್ಲಿಯ ಬಾಡಿಗೆ ಮನೆಗಳಲ್ಲಿ ಗಾಜಿನ ಒಲೆಗಳೇ ಹೆಚ್ಚಾದ್ದರಿಂದ ಅದರ ತಳ ಸಮತಟ್ಟಾಗಿರಲಿ. ಬೇಳೆಯನ್ನು ಅರ್ಧ ಗಂಟೆ ನೆನೆಸಿ, ಮಾಮೂಲಿಗಿಂತ ಎರಡು ವಿಸಿಲ್ ಹೆಚ್ಚು ಕೂಗಿಸಿ. ಅನ್ನವನ್ನೂ ಅದರಲ್ಲೇ ಮಾಡಿ, ನೀರು ಸ್ವಲ್ಪ ಮುಂದಿರಲಿ.