ಸಹಾಯ ಬೇಕು: ಅಮ್ಮನ ಗೀಳು ಕಾಯಿಲೆಗೆ ಧಾರವಾಡದ ಸುತ್ತ ಕನ್ನಡದಲ್ಲಿ ಚಿಕಿತ್ಸೆ

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 58 ವರ್ಷ. ಕೈ ತೊಳೆಯಲು ನಿಂತರೆ ಅರ್ಧ ಗಂಟೆ. ಬೆರಳ ಸಂದುಗಳು ಬಿರಿದು ರಕ್ತ ಜಿನುಗುತ್ತದೆ; ರಾತ್ರಿ ನಾನು ಕೊಬ್ಬರಿ ಎಣ್ಣೆ ಹಚ್ಚಿದರೆ, ಆ ಜಿಡ್ಡು ಹೋಗಲೆಂದು ಮತ್ತೆ ನಲ್ಲಿಯ ಬಳಿಗೆ ಹೋಗುತ್ತಾರೆ. ಇದನ್ನು ಮಡಿ ಎಂದೇ ತಿಳಿದು ವರ್ಷಗಟ್ಟಲೆ ಕಳೆದೆವು. ಮಡಿಯಿಂದ ನೆಮ್ಮದಿ ಸಿಗಬೇಕು. ಅಮ್ಮ ಅಳುತ್ತಲೇ ತೊಳೆಯುತ್ತಾರೆ.

ಮನೋವೈದ್ಯರು ಇದು ಒಸಿಡಿ, ಅಂದರೆ ಗೀಳು ಕಾಯಿಲೆ ಎಂದು ಹೇಳಿ ಫ್ಲೂಆಕ್ಸೆಟಿನ್ ಮಾತ್ರೆ ಬರೆದುಕೊಟ್ಟಿದ್ದಾರೆ. ಪೂರ್ಣ ಪರಿಣಾಮಕ್ಕೆ 10–12 ವಾರ ಬೇಕಾಗಬಹುದು, ನಡುವೆ ನಿಲ್ಲಿಸಬೇಡಿ ಎಂದಿದ್ದಾರೆ. ಈಗ ನಾಲ್ಕನೇ ವಾರ. ಜೊತೆಗೆ, ಕೊಳೆ ಎನಿಸಿದ್ದನ್ನು ಮುಟ್ಟಿಯೂ ತೊಳೆಯದೆ ತಡೆದುಕೊಳ್ಳುವುದನ್ನು ಹಂತಹಂತವಾಗಿ ಕಲಿಸುವ ಇಆರ್‌ಪಿ ಚಿಕಿತ್ಸೆಯೂ ಬೇಕಂತೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದಾಗ ಕನ್ನಡದಲ್ಲೇ ತಾಳ್ಮೆಯಿಂದ ಮಾತನಾಡಿದರು.

ಹುಬ್ಬಳ್ಳಿ–ಧಾರವಾಡದಲ್ಲಿ ಈ ಚಿಕಿತ್ಸೆಯನ್ನು ಕನ್ನಡದಲ್ಲಿ ಕೊಡುವ ಮನಶ್ಶಾಸ್ತ್ರಜ್ಞರು ಯಾರಿದ್ದಾರೆ? ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಇದಕ್ಕಾಗಿ ಹೋದವರಿದ್ದರೆ ಅನುಭವ ತಿಳಿಸಿ.

ಇನ್ನೊಂದು ಮಾತು. "ಕೈ ಈಗ ಶುದ್ಧವಾಯಿತೇ?" ಎಂದು ಅಮ್ಮ ಹತ್ತು ಸಲ ಕೇಳುತ್ತಾರೆ. ಪ್ರತಿ ಸಲ ಹೌದು ಎಂದರೆ ಗೀಳಿಗೆ ನೀರೆರೆದಂತೆ ಎನ್ನುತ್ತಾರೆ ವೈದ್ಯರು. ಸುಮ್ಮನಿದ್ದರೆ ಅಮ್ಮನ ಮುಖ ನೋಡಲಾಗುವುದಿಲ್ಲ. ನೀವು ಮನೆಯಲ್ಲಿ ಏನು ಹೇಳುತ್ತಿದ್ದಿರಿ? ಹರಕೆ, ಯಂತ್ರಗಳ ಸಲಹೆ ದಯವಿಟ್ಟು ಬೇಡ.